ಅಮೆರಿಕದಲ್ಲಿ ಯಾವ ರಾಜ್ಯಕ್ಕೆ ಯಾವ ಆಟ?

ಮುಂದಿನ ತಿಂಗಳು ಕೆಲಸಕ್ಕೆ ಅಂತ ನೆಬ್ರಾಸ್ಕದ ಒಮಾಹಾಗೆ ಬರುತ್ತಿದ್ದೇನೆ, ಅಲ್ಲಿ ಆಫೀಸಿನಲ್ಲಿ ಬರೀ ಆಟದ ಮಾತೇ ಅಂತೆ, ಯಾವ ರಾಜ್ಯದಲ್ಲಿ ಯಾವ ಆಟ ಜಾಸ್ತಿ ಹೇಳಿ ಅಂತ ಕೇಳಿದ್ದೀರಿ. ಬ್ಯಾಟ್ ತರಬೇಕಾ ಅಂತಲೂ ಕೇಳಿದ್ದೀರಿ.

ಮೊದಲು ಒಂದು ಮಾತು. ಸರ್ಕಾರದವರು ಘೋಷಿಸಿದ ರಾಜ್ಯ ಕ್ರೀಡೆಗಳ ಪಟ್ಟಿ ಓದಿಕೊಂಡು ಬರಬೇಡಿ. ಮೇರಿಲ್ಯಾಂಡಿನ ಅಧಿಕೃತ ಆಟ 1962ರಿಂದ ಜೌಸ್ಟಿಂಗ್. ಕುದುರೆ ಓಡಿಸುತ್ತಾ, ಮೇಲೆ ನೇತುಹಾಕಿದ ಸಣ್ಣ ಉಂಗುರವನ್ನು ಈಟಿ ತುದಿಯಲ್ಲಿ ಎತ್ತಿಕೊಳ್ಳಬೇಕು. ಅಲ್ಲಿನ ಹುಡುಗರ ಕೈಯಲ್ಲಿ ಕಾಣುವುದು ಮಾತ್ರ ಲಕ್ರಾಸ್ ಆಟದ ಕೋಲು, ತುದಿಯಲ್ಲಿರುವ ಬಲೆಯಿಂದ ಚೆಂಡು ಹಿಡಿದು ಎಸೆಯುವಂಥದ್ದು. ಟೆಕ್ಸಾಸಿನದ್ದು ರೋಡಿಯೋ ಅಂತೆ, ಅಂದರೆ ಎಗರಾಡುವ ಗೂಳಿ, ಕುದುರೆ ಮೇಲೆ ಬೀಳದೆ ಕೂರುವಂಥ ಆಟ. ಡಲ್ಲಾಸ್ ಪಕ್ಕ ಇಷ್ಟು ವರ್ಷದಿಂದ ಇದ್ದೇನೆ, ಗೂಳಿ ಹತ್ತಿದವರು ಒಬ್ಬರೂ ನನ್ನ ಆಫೀಸಿನಲ್ಲಿ ಸಿಕ್ಕಿಲ್ಲ.

ನನ್ನ ಲೆಕ್ಕ ಬೇರೆ. ಹೈಸ್ಕೂಲ್ ಮಕ್ಕಳು ಆಡುವ ಯಾವ ಆಟಕ್ಕೆ ಆ ಶಾಲೆಯಲ್ಲಿ ಮಕ್ಕಳೇ ಇಲ್ಲದವರೂ ದುಡ್ಡು ಕೊಟ್ಟು ಬರುತ್ತಾರೋ, ಅದೇ ಆ ರಾಜ್ಯದ ಆಟ. ಇಲ್ಲಿ ಟೆಕ್ಸಾಸಿನಲ್ಲಿ ಅದು ಫುಟ್‌ಬಾಲ್, ಶುಕ್ರವಾರ ರಾತ್ರಿ. ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. ಹತ್ತಿರದ ಆಲನ್ ಊರಿನ ಹೈಸ್ಕೂಲಿಗೆ 18 ಸಾವಿರ ಸೀಟಿನ ಸ್ಟೇಡಿಯಂ ಇದೆ, ಸುಮಾರು 6 ಕೋಟಿ ಡಾಲರ್ ಸುರಿದು ಕಟ್ಟಿ 2012ರಲ್ಲಿ ತೆರೆದದ್ದು. ಹೌದು, ಹೈಸ್ಕೂಲಿಗೆ! ಹಳೇ ವಿದ್ಯಾರ್ಥಿಗಳೆಲ್ಲ ಬರುವ ಹೋಮ್‌ಕಮಿಂಗ್ ದಿನ ನೋಡಬೇಕು ನೀವು. ಹುಡುಗಿಯರು ಎದೆ ಮೇಲೆ ತಟ್ಟೆಯಷ್ಟು ದೊಡ್ಡ ಬಟ್ಟೆ ಸೇವಂತಿಗೆ ಕಟ್ಟಿಕೊಂಡು ಬರುತ್ತಾರೆ, ಅದರಿಂದ ಮಂಡಿ ತನಕ ಶಾಲೆಯ ಬಣ್ಣದ ರಿಬ್ಬನ್, ರಿಬ್ಬನ್ ತುಂಬ ಪುಟ್ಟ ಗೆಜ್ಜೆ, ನಡುವೆ ಒಂದು ಟೆಡ್ಡಿ ಬೇರ್. ಹತ್ತು ಹುಡುಗಿಯರು ಒಟ್ಟಿಗೆ ಮೆಟ್ಟಿಲಿಳಿದರೆ ಬ್ಯಾಂಡೇ ಬೇಡ. ಅತ್ತ ಅಪ್ಪ ಅಮ್ಮಂದಿರು ಬ್ಯಾಂಡ್ ಖರ್ಚಿಗೆ ಅಂತ ಕೌಂಟರಿನಲ್ಲಿ ನಿಂತು ನಾಚೋಸ್ ಮಾರುತ್ತಿರುತ್ತಾರೆ.

ಇಂಡಿಯಾನಾದಲ್ಲಿ ಬಾಸ್ಕೆಟ್‌ಬಾಲ್. ಬರೀ 161 ಮಕ್ಕಳಿದ್ದ ಮೈಲನ್ ಅನ್ನೋ ಊರಿನ ಶಾಲೆ 1954ರಲ್ಲಿ ರಾಜ್ಯಕ್ಕೇ ಮೊದಲು ಬಂದದ್ದನ್ನು ಅಲ್ಲಿನವರು ಈಗಲೂ ಹೇಳುತ್ತಾರೆ. ಮಿನ್ನೆಸೋಟದಲ್ಲಿ ಐಸ್ ಹಾಕಿ, 1980ರ ಒಲಿಂಪಿಕ್ಸಿನಲ್ಲಿ ಸೋವಿಯತ್ ತಂಡವನ್ನು ಸೋಲಿಸಿದ ಅಮೆರಿಕ ತಂಡದ 20 ಜನರಲ್ಲಿ 12 ಮಂದಿ ಅಲ್ಲಿನ ಹುಡುಗರೇ, ಕೋಚ್ ಹರ್ಬ್ ಬ್ರೂಕ್ಸ್ ಕೂಡ. ಅಯೋವಾದಲ್ಲಿ ಕುಸ್ತಿ. ಹವಾಯಿಯಲ್ಲಿ ಸರ್ಫಿಂಗ್, ಅಲಾಸ್ಕದಲ್ಲಿ ನಾಯಿಗಳು ಎಳೆಯುವ ಗಾಡಿ ಓಟ, ಇವೆರಡಕ್ಕೆ ನನ್ನ ಲೆಕ್ಕ ಬೇಕಾಗಿಯೇ ಇಲ್ಲ. ನ್ಯೂಜೆರ್ಸಿ ಬಗ್ಗೆ ಕೇಳಬೇಡಿ, ಅಲ್ಲಿ ಆಡುವ ದೊಡ್ಡ ಫುಟ್‌ಬಾಲ್ ತಂಡಗಳೆರಡರ ಹೆಸರಲ್ಲೂ ನ್ಯೂಯಾರ್ಕ್ ಅಂತಲೇ ಇದೆ.

ಈಗ ನಿಮ್ಮ ನೆಬ್ರಾಸ್ಕ. ಅಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡವಿಲ್ಲ, ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತಂಡವೂ ಇಲ್ಲ. ಹಾಗಾಗಿ ಪ್ರೀತಿಯೆಲ್ಲ ಲಿಂಕನ್ ಊರಿನ ಯೂನಿವರ್ಸಿಟಿ ತಂಡ ಹಸ್ಕರ್ಸ್ ಮೇಲೆ. ಗೆದ್ದರೂ ಸೋತರೂ 1962ರಿಂದ ಅವರ ಫುಟ್‌ಬಾಲ್ ಟಿಕೆಟ್ ಪ್ರತಿ ಸಲ ಖಾಲಿ. ಆದರೂ ನನ್ನ ಓಟು ವಾಲಿಬಾಲ್‌ಗೆ. 2023ರ ಆಗಸ್ಟಿನಲ್ಲಿ ಅದೇ ಫುಟ್‌ಬಾಲ್ ಸ್ಟೇಡಿಯಂ ನಡುವೆ ಕೋರ್ಟ್ ಹಾಕಿ ಹುಡುಗಿಯರ ಪಂದ್ಯ ಆಡಿಸಿದರು, ನೋಡೋಕೆ ಬಂದವರು 92,003 ಜನ. ನಿಮಗೂ ಇದೇ ಅನುಕೂಲ ಅಲ್ವಾ? ಶಾಲೆಯಲ್ಲಿ ವಾಲಿಬಾಲ್ ಆಡಿಯೇ ಬಂದಿರುತ್ತೀರಿ, ನಿಯಮ ಹೊಸದಾಗಿ ಕಲಿಯಬೇಕಿಲ್ಲ. ಜೂನ್‌ನಲ್ಲಿ ನಿಮ್ಮ ಒಮಾಹಾದಲ್ಲೇ ಕಾಲೇಜು ಬೇಸ್‌ಬಾಲ್ ಫೈನಲ್ಸ್ ನಡೆಯುತ್ತದೆ, 1950ರಿಂದಲೂ ಅಲ್ಲೇ. ಒಮ್ಮೆ ಸುಮ್ನೆ ಹೋಗಿ ಕೂತು ಬನ್ನಿ.

ಕ್ರಿಕೆಟ್ ಯಾವ ರಾಜ್ಯದ ಆಟವೂ ಅಲ್ಲ, ಆದರೆ ಆಡುವವರು ಸಿಗುತ್ತಾರೆ. ಅಲಬಾಮದ ಆಬರ್ನ್ ಅಂದರೆ ಕಾಲೇಜು ಫುಟ್‌ಬಾಲ್ ಹುಚ್ಚಿನ ಊರು. ಅಲ್ಲಿ ಹುಟ್ಟಿ ನಮ್ಮ ಚಿಕ್ಕಮಗಳೂರಿನಲ್ಲಿ ಬೆಳೆದ ನಾಸ್ತುಷ್ ಕೆಂಜಿಗೆ, 2024ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕದ ಪರ ಆಡಿ ಪಾಕಿಸ್ತಾನದ 3 ವಿಕೆಟ್ ತೆಗೆದರು, ಅದೂ ಡಲ್ಲಾಸ್ ಪಕ್ಕದಲ್ಲೇ. ಬ್ಯಾಟ್ ಖಂಡಿತ ತನ್ನಿ, ಇಲ್ಲಿ ಬೆಲೆ ಜಾಸ್ತಿ. ಚೆಕ್-ಇನ್ ಲಗೇಜಿನಲ್ಲೇ ಹಾಕಿ, ಕೈಯಲ್ಲಿ ಹಿಡಿದು ಹೋದರೆ ವಿಮಾನದೊಳಗೆ ಬಿಡುವುದಿಲ್ಲ.