ಉಬುಂಟು 22.04 (ವಿಂಡೋಸ್ ಥರದ ಆಪರೇಟಿಂಗ್ ಸಿಸ್ಟಮ್) ಅಪ್‌ಡೇಟ್ ಆಗಿ 6.8 ಕರ್ನಲ್ (ಅದರ ತಿರುಳು ಪ್ರೋಗ್ರಾಮ್) ಬಂದ ಮ್ಯಾಲ ವೈಫೈ ಹೋತು, 8821ಸಿಇ ವೈಫೈ ಚಿಪ್ಪಿನ ಡ್ರೈವರ್ (ಚಿಪ್ ನಡಸೋ ಪ್ರೋಗ್ರಾಮ್) ಪ್ಯಾಕೇಜ್ ಬಿಲ್ಡ್ ಆಗವಲ್ದು, ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕೇನು?

ಫಾರ್ಮ್ಯಾಟ್ ಅಂತೂ ಮಾಡಬ್ಯಾಡ್ರಿ. 22.04 ದಾಗ 6.8 ಕರ್ನಲ್ ಬಂದ ಮ್ಯಾಲ 8821ಸಿಇ ಡ್ರೈವರ್ ಫೇಲ್ ಅಂತ ಬರದೀರಲ್ಲ, ನಿಮ್ಮ ಹಳೇ ಕರ್ನಲ್ ಬಹುತೇಕ ಇನ್ನೂ ಡಿಸ್ಕಿನ್ಯಾಗ ಕುಂತಿರತೈತಿ. ರೀಸ್ಟಾರ್ಟ್ ಮಾಡುವಾಗ ಎಸ್ಕೇಪ್ ಒತ್ತಿ (ಹಳೇ ಬಯೋಸ್ ಇದ್ರ ಶಿಫ್ಟ್ ಹಿಡೀರಿ) ಗ್ರಬ್‌ನ್ಯಾಗ (ಸ್ಟಾರ್ಟ್ ಆಗುವಾಗ ಕರ್ನಲ್ ಆರಿಸೋ ಮೆನು) ಅಡ್ವಾನ್ಸ್ಡ್ ಆಪ್ಶನ್ಸ್‌ಗೆ ಹೋಗಿ ಹಿಂದಿನ ಕರ್ನಲ್ ಆರಿಸ್ರಿ, ವೈಫೈ ಬರ್ತೈತಿ. ಕೆಲಸ ಮುಗಿಯೂತನಕ ಆಟೋರಿಮೂವ್ (ಬ್ಯಾಡಾದ ಪ್ಯಾಕೇಜ್ ಅಳಿಸೋ ಕಮಾಂಡ್) ಮಾತ್ರ ಹೊಡೀಬ್ಯಾಡ್ರಿ, ಹಳೇ ಕರ್ನಲ್ಲನ್ನ ಗುಡಿಸಿ ಹಾಕಿಬಿಟ್ಟೀತು.

ನಂದು ಬಾಗಲಕೋಟಿ ನವನಗರದಾಗ ಝೆರಾಕ್ಸ್ ಅಂಗಡಿ ಐತ್ರಿ. ನನಗೂ ಇದ ಆಗಿತ್ತು, ಉತಾರ ತಗಿಸಾಕ ಬಂದವರು ನಾಕೈದು ಮಂದಿ ಬಾಗಲಾಗ ನಿಂತಾರ, ಇತ್ಲಾಗ ವೈಫೈ ಐಕಾನ್ ಮಾಯ! ಫೋನಿಗೆ ವೈರ್ ಹಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ ಹೆಂಗೋ ಅವರನ್ನ ಕಳಿಸಿದೆ. ರಾತ್ರಿ ಕುಂತು ಡಿಕೆಎಂಎಸ್ (ಹೊರಗಿನ ಡ್ರೈವರನ್ನ ಹೊಸ ಕರ್ನಲ್ಲಿಗೆ ಬಿಲ್ಡ್ ಮಾಡೋ ವ್ಯವಸ್ಥೆ) ಫೋಲ್ಡರಿನ್ಯಾಗಿನ ಮೇಕ್ ಡಾಟ್ ಲಾಗ್ ತಗದು ನೋಡಿದ್ರ 'ಇಂಪ್ಲಿಸಿಟ್ ಡಿಕ್ಲರೇಶನ್, ಪಿಡಿಇ ಅಂಡರ್‌ಸ್ಕೋರ್ ಡೇಟಾ' ಅಂತ ಐತಿ, ಅಂದ್ರ ಆ ಹೆಸರಿನ ಫಂಕ್ಷನ್ ಸಿಗವಲ್ದು ಅಂತ. ಆ ಫಂಕ್ಷನ್ ಹೆಸರು ಮೊದಲ ಕ್ಯಾಪಿಟಲ್ ಅಕ್ಷರದಾಗಿತ್ತು, 5.17 ರಾಗ ಸ್ಮಾಲ್ ಅಕ್ಷರಕ್ಕ ಬದಲಿ ಮಾಡ್ಯಾರ, ಇಷ್ಟ ವಿಷಯ. ಕರ್ನಲ್ ಮಂದಿ ಒಳಗಿನ ಫಂಕ್ಷನ್ ಬದಲಿ ಮಾಡಿದ್ರ ಕರ್ನಲ್‌ನ್ಯಾಗ ಇರೋ ಡ್ರೈವರ್‌ಗಳನ್ನ ತಾವ ತಿದ್ದತಾರ, ಹೊರಗಿನದನ್ನ ಅದನ್ನ ಬರದವರ ತಿದ್ದಬೇಕು, ನಾನು ಎಂದೋ ಗಿಟ್‌ಹಬ್‌ನಿಂದ ಇಳಿಸಿಕೊಂಡಿದ್ದು 5.15 ರ ಕಾಲದ ಕೋಡ್.

ಮಜಾ ಏನಂದ್ರ ಆ ಪ್ಯಾಕೇಜ್ ಈಗ ಬೇಕಾಗೇ ಇಲ್ಲ. ಈ ಚಿಪ್ಪಿಗೆ ಆರ್‌ಟಿಡಬ್ಲ್ಯೂ88 ಡ್ರೈವರ್ 5.9 ರಿಂದನ ಕರ್ನಲ್‌ನ್ಯಾಗ ಐತಿ. ಡಿಕೆಎಂಎಸ್ ರಿಮೂವ್ ಕೊಟ್ಟು ಹಳೇದನ್ನ ತಗೀರಿ, ಆಮ್ಯಾಲ ಡಿಪಿಕೆಜಿ ಕಾನ್ಫಿಗರ್ ಓಡಸ್ರಿ, ಇಲ್ಲಂದ್ರ ಅರ್ಧಕ್ಕ ನಿಂತ ಕರ್ನಲ್ ಪ್ಯಾಕೇಜು ಮುಂದ ಏನ ಇನ್‌ಸ್ಟಾಲ್ ಮಾಡಿದ್ರೂ ಅದ ಎರರ್ ಒದರತಿರತೈತಿ. ನಾ ಇಷ್ಟ ಮಾಡಿದ್ರೂ ವೈಫೈ ಬರಲಿಲ್ಲ, ರಾತ್ರಿ 2 ಆತು, ಕಡೀಕ ನೋಡಿದ್ರ ಹೊರಗಿನ ಡ್ರೈವರಿಗೆ ಅಡ್ಡ ಬರಬಾರದಂತ ಈ ಆರ್‌ಟಿಡಬ್ಲ್ಯೂ88 ನ್ನ ಬ್ಲ್ಯಾಕ್‌ಲಿಸ್ಟ್ ಮಾಡಿಟ್ಟಾಂವ (ಲೋಡ್ ಆಗದಂಗ ತಡದಿಟ್ಟಾಂವ) ನಾನ! ಇಟಿಸಿ ಒಳಗ ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರ್ ನೋಡ್ರಿ, ಆ ಸಾಲು ಇದ್ರ ತಗದು ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲಿಗೆ ಲೋಡ್ ಆಗೋ ಫೈಲ್) ಅಪ್‌ಡೇಟ್ ಮಾಡಿ ರೀಬೂಟ್ ಹೊಡೀರಿ.

ಇಷ್ಟರಾಗೂ ಆಗಲಿಲ್ಲಂದ್ರ 5.15 ಕರ್ನಲ್ ಮ್ಯಾಲ ಇರ್ರಿ, 2027 ಏಪ್ರಿಲ್‌ತನಕ ಸಪೋರ್ಟ್ ಐತಿ. ಎಲ್‌ಎಸ್‌ಪಿಸಿಐ ಡ್ಯಾಶ್ ಕೆ (ಯಾವ ಚಿಪ್ಪಿಗೆ ಯಾವ ಡ್ರೈವರ್ ಅಂತ ತೋರಿಸೋ ಕಮಾಂಡ್) ಔಟ್‌ಪುಟ್ ಇಲ್ಲಿ ಹಾಕ್ರಿ, ಅಂಗಡಿ ಮುಚ್ಚಿದ ಮ್ಯಾಲ ನೋಡತೀನಿ.