ಕುಂಬಳೆಯ ಮನೆಯಲ್ಲೇ ಋತುಮಾನದ ಅಡುಗೆ ತರಗತಿ ಶುರುಮಾಡಬೇಕೆಂದಿದ್ದೇನೆ. ಹನ್ನೆರಡು ತಿಂಗಳ ಪಾಠಪಟ್ಟಿ ಹೇಗೆ ಸಿದ್ಧಪಡಿಸಲಿ? ಎರಡು ಲಕ್ಷದ ಹೊಸ ಅಡುಗೆಮನೆ, ಕ್ಯಾಮೆರಾ, ಪ್ರಮಾಣಪತ್ರ ಎಲ್ಲ ಬೇಕೇ? ನನ್ನ ಅತ್ತೆಗೆ ಎಲ್ಲ ಗೊತ್ತು, ಆದರೆ ಅಳತೆ ಹೇಳುವುದಿಲ್ಲ.

ಪಟ್ಟಿ ಮಾಡಬೇಡಿ. ಮಾಡಿದರೂ ಮುದ್ರಿಸಬೇಡಿ. ನಾನು ಮುದ್ರಿಸಿದ್ದೆ, ಅದೂ ಬಣ್ಣದಲ್ಲಿ, 200 ಪ್ರತಿ. ಮುಕ್ಕಾಲು ಪಾಲು ಇವತ್ತಿಗೂ ಅಟ್ಟದ ಮೇಲಿದೆ. ಉಪ್ಪಿನಕಾಯಿ ಭರಣಿಗಳ ಅಡಿಗೆ ಹಾಸಲು ಒಳ್ಳೆಯದಾಗುತ್ತದೆ.

ನಮ್ಮ ಮನೆಯೂ ನಿಮ್ಮ ಹಾಗೆ ಕೇರಳದ ಕಾಸರಗೋಡು ಜಿಲ್ಲೆಯಲ್ಲೇ, ಬದಿಯಡ್ಕದಿಂದ ಒಳಗೆ. ಹಿತ್ತಿಲಲ್ಲಿ ಮೂರು ಹಲಸಿನ ಮರ, ಒಂದು ಕಾಡುಮಾವು, ತೋಡಿನ ಬದಿಯಲ್ಲಿ ಬೇಕಾದಷ್ಟು ಕೆಸು. ಇಷ್ಟೆಲ್ಲ ಇರುವಾಗ ಕಲಿಸುವುದೇನು ಮಹಾ ಎಂದುಕೊಂಡು ನೀವು ಈಗ ಮಾಡಹೊರಟದ್ದನ್ನೇ ನಾನೂ ಮಾಡಿದೆ. ಎಪ್ರಿಲ್‌ಗೆ ಕಾಡುಮಾವಿನ ಗೊಜ್ಜು, ಮೇಗೆ ಹಲಸಿನ ಹಪ್ಪಳ, ಜುಲೈಗೆ ಕೆಸುವಿನ ಎಲೆಯ ಪತ್ರೊಡೆ, ಆಗಸ್ಟ್‌ಗೆ ಕಣಿಲೆ (ಎಳೆ ಬಿದಿರು), ಹೀಗೆ ತಿಂಗಳಿಗೊಂದು ಚೌಕ, ಚೌಕದೊಳಗೆ ದಿನಾಂಕ. ಎಪ್ರಿಲ್ ತರಗತಿಯ ಹಿಂದಿನ ರಾತ್ರಿ ಗಾಳಿ ಬೀಸಿ ಅಂಗಳದ ತುಂಬ ಕಾಡುಮಾವು ಬಿದ್ದಿತ್ತು. ಬಂದ ಎಂಟು ಜನರೂ ಹೆಕ್ಕಿದರು, ಹಿಂಡಿದರು, ಗೊರಟು ಚೀಪಿದರು. ನನಗೆ ತಲೆ ತಿರುಗಿತು. ಮರವೂ ನನ್ನ ಪಟ್ಟಿ ಓದಿಕೊಂಡಿದೆ ಎಂಬಷ್ಟು ಸೊಕ್ಕು.

ಹಪ್ಪಳದ ತರಗತಿಗೆ ಇಟ್ಟ ದಿನ 2025ರ ಮೇ 24, ಶನಿವಾರ. ಶಾಲೆ ತೆರೆಯುವ ಮೊದಲು, ಬೆಂಗಳೂರಿನಿಂದ ರಜೆಗೆ ಬಂದವರು ಹಿಂತಿರುಗುವ ಮೊದಲು, ಎಲ್ಲರಿಗೂ ಅನುಕೂಲವಾದ ದಿನ. ಹನ್ನೆರಡು ಜನ, ತಲಾ 800 ರೂಪಾಯಿ. ಕಾಞಂಗಾಡಿನ ಕಡೆಯ ಒಬ್ಬ ಮಲಯಾಳಿ ಟೀಚರ್ ಕೂಡ ಇದ್ದರು. ಅವರಿಗೆಂದೇ ಕರಪತ್ರದಲ್ಲಿ ‘ಕೇರಳದ ರಾಜ್ಯಫಲ’ ಎಂದು ದೊಡ್ಡ ಅಕ್ಷರದಲ್ಲಿ ಹಾಕಿಸಿದ್ದೆ. ಹಲಸಿಗೆ ಆ ಪದವಿ ಸಿಕ್ಕಿದ್ದು 2018ರ ಮಾರ್ಚ್‌ನಲ್ಲಿ. ನಮ್ಮ ಮರಗಳಿಗೆ ಅದರ ಸುದ್ದಿ ಇನ್ನೂ ತಲುಪಿದಂತಿಲ್ಲ.

ಅದೇ ದಿನ ಹವಾಮಾನ ಇಲಾಖೆ ಮುಂಗಾರು ಕೇರಳ ಮುಟ್ಟಿತೆಂದು ಪ್ರಕಟಿಸಿತು. ವಾಡಿಕೆಯ ಜೂನ್ 1ಕ್ಕಿಂತ ಎಂಟು ದಿನ ಮೊದಲು. 2009ರ ನಂತರ ಮಳೆ ಇಷ್ಟು ಬೇಗ ಬಂದದ್ದೇ ಇಲ್ಲವಂತೆ. ಈ ಕತೆ ಕೇಳಿದವರೆಲ್ಲ, ‘ಹಾಗಾದರೆ ನಿನ್ನ ತಪ್ಪೇನು, ಮಳೆಯದ್ದಲ್ಲವೇ’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹಪ್ಪಳ ಒತ್ತಿದ ಮೇಲೆ ಮಗುಚಿ ಹಾಕುತ್ತ ಮೂರು ದಿನ ಖಡಕ್ ಬಿಸಿಲು ಬೇಕು. ಮೇ ತಿಂಗಳ ಕೊನೆಗೆ ಬೆಳಗ್ಗೆ ಬಿಸಿಲು, ಸಂಜೆ ಗುಡುಗು ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನನ್ನ ಅತ್ತೆ ತಮ್ಮ ಹಪ್ಪಳವನ್ನು ಎಪ್ರಿಲ್ ನಡುವಿನ ವಿಷು ಹಬ್ಬದ ಆಚೀಚೆ ಮುಗಿಸಿ, 25ರ ಕಟ್ಟು ಕಟ್ಟಿ, ಡಬ್ಬಿಗೆ ತುಂಬಿ ಕೂತಿದ್ದರು. ಮುಂಗಾರು ಜೂನ್ 1ಕ್ಕೇ ಬಂದಿದ್ದರೂ ನಾನು ಮುಳುಗುತ್ತಿದ್ದೆ.

ಆದರೆ ದಿನ ತಪ್ಪಿದ್ದು ಅರ್ಧ ತಪ್ಪು ಮಾತ್ರ. ಉಳಿದರ್ಧವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಅದೇ ಬೀಜ ಕಾಣುತ್ತಿದೆ.

ಬೆಳಗ್ಗೆ ಒಂಬತ್ತಕ್ಕೆ ಜನ ಸೇರಿದ್ದರು. ಹೊರಗೆ ಸೂರಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅತ್ತೆ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಮೊದಲ ಕಾಯಿಯನ್ನು ಸೀಳಿ, ಒಂದು ಸೊಳೆ (ತೊಳೆ) ಬಿಡಿಸಿ, ಉಗುರಿನಿಂದ ಚಿವುಟಿ ನೋಡಿದರು. ‘ಇದು ನೀರು ಕುಡಿದಿದೆ. ಹಪ್ಪಳಕ್ಕೆ ಆಗದು. ಉಪ್ಪಿಗೆ ಹಾಕುವುದನ್ನು ಹೇಳಿಕೊಡು’ ಎಂದರು. ನಾನು ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ತೋರಿಸಿದೆ. ‘ಹಪ್ಪಳ ಎಂದು ಬರೆದು ದುಡ್ಡು ತೆಗೆದುಕೊಂಡಿದ್ದೇನೆ ಅತ್ತೆ’ ಎಂದೆ. ಅವರು ಮತ್ತೆ ಮಾತಾಡಲಿಲ್ಲ. ಎಲೆಯಡಕೆಯ ತಟ್ಟೆ ಎತ್ತಿಕೊಂಡು ಜಗಲಿಗೆ ಹೋದರು. ತಪ್ಪು ನಡೆದದ್ದು ಆ ಗಳಿಗೆಯಲ್ಲಿ. ಆಮೇಲಿನದೆಲ್ಲ ಅದರ ಮರಿ.

ಸೊಳೆ ಬೇಯಿಸಿ, ಒರಳಿನಲ್ಲಿ ಉಪ್ಪು, ಮೆಣಸು, ಕೊತ್ತಂಬರಿ ಹಾಕಿ ಗುದ್ದಿದೆವು. ಮುದ್ದೆಯಾಗಬೇಕಾದದ್ದು ಪಾಯಸದ ಹಾಗೆ ಹರಿಯಿತು. ಮರ್ಯಾದೆ ಉಳಿಸಿಕೊಳ್ಳಲು ಅಕ್ಕಿಹಿಟ್ಟು ಬೆರೆಸಿದೆ. ಮಣೆಯಲ್ಲಿ ಒತ್ತಿದರೆ ಅರ್ಧ ಪ್ಲಾಸ್ಟಿಕ್ ಹಾಳೆಗೇ ಅಂಟಿತು. ಅಂತೂ ಮುನ್ನೂರಷ್ಟು ಹಪ್ಪಳವಾಯಿತು. ಚಾವಡಿಯಲ್ಲಿ ಚಾಪೆ ಹಾಸಿ ಎರಡು ಫ್ಯಾನ್ ತಿರುಗಿಸಿದೆ, ರಾತ್ರಿ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟೆ. ಭಾನುವಾರ ನೋಡಿದರೆ ಅಂಚು ಮುರುಟಿದೆ, ನಡು ಮೆತ್ತಗಿದೆ. ಅಲ್ಲಿಯಾದರೂ ನಿಲ್ಲಿಸಬಹುದಿತ್ತು. ನಾನು ಪತ್ರಿಕೆಯಲ್ಲಿ ಸುತ್ತಿ ಒಬ್ಬೊಬ್ಬರಿಗೆ 25 ಕೊಟ್ಟು, ‘ಬಿಸಿಲು ಕಂಡಾಗ ಒಣಗಿಸಿಕೊಳ್ಳಿ’ ಎಂದು ನಗುತ್ತ ಕಳಿಸಿದೆ. ಬಿಸಿಲು ಯಾರಿಗೂ ಕಾಣಲಿಲ್ಲ. ಐದನೆಯ ದಿನದಿಂದ ಮೊಬೈಲ್‌ಗೆ ಚಿತ್ರಗಳು ಬರತೊಡಗಿದವು: ಹಸಿರು ಬೂಷ್ಟು, ಬಿಳಿ ಬೂಷ್ಟು, ಒಂದರಲ್ಲಿ ಕೂದಲಿನಂತೆ ಎದ್ದು ನಿಂತ ಕಪ್ಪು ಬೂಷ್ಟು. 9,600 ರೂಪಾಯಿಯನ್ನೂ ಹಿಂತಿರುಗಿಸಿದೆ. ಜುಲೈಯ ಪತ್ರೊಡೆಗೆ ಹೆಸರು ಕೊಟ್ಟವರು ಇಬ್ಬರು. ಅವರಲ್ಲಿ ಒಬ್ಬರು ಪಕ್ಕದ ಮನೆಯವರು, ಕನಿಕರದಿಂದ.

ಈಗ ಅತ್ತೆಯ ಮಾತು ಕೇಳಿದ್ದರೆ ಏನಾಗುತ್ತಿತ್ತು ನೋಡಿ. ಬಲಿತ ಕಾಯಿಯ ಸೊಳೆ ಬಿಡಿಸಿ, ಬೀಜ ತೆಗೆದು, ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು ಹಾಕಿ ಒತ್ತಿ, ಮೇಲೆ ಭಾರ ಇಡುವುದು. ನೀರು ಅದೇ ಬಿಟ್ಟುಕೊಳ್ಳುತ್ತದೆ. ಬಿಸಿಲಿನ ಹಂಗೇ ಇಲ್ಲ. ಹನ್ನೆರಡು ಜನರೂ ಒಂದೊಂದು ಸಣ್ಣ ಭರಣಿ ಹಿಡಿದು ಮನೆಗೆ ಹೋಗುತ್ತಿದ್ದರು. ಆಟಿ ತಿಂಗಳಲ್ಲಿ, ಪೇಟೆಗೆ ಹೋಗಲೂ ಬೇಸರವಾಗುವಂಥ ಮಳೆಯಲ್ಲಿ, ಆ ಉಪ್ಪುಸೊಳೆಯನ್ನು ನೀರಲ್ಲಿ ಹಾಕಿ ಉಪ್ಪು ಬಿಡಿಸಿ ಪಲ್ಯ ಮಾಡುತ್ತಿದ್ದರು, ರೊಟ್ಟಿ ತಟ್ಟುತ್ತಿದ್ದರು, ಅಕ್ಕಿ ತೆಂಗಿನಕಾಯಿ ಸೇರಿಸಿ ರುಬ್ಬಿ ಉಂಡ್ಲಕಾಳು ಕರಿಯುತ್ತಿದ್ದರು. ಋತುಮಾನದ ಅಡುಗೆ ಎಂದು ಫಲಕ ಹಾಕಿದವಳಿಗೆ ಋತು ಬಂದು ಬಾಗಿಲು ಬಡಿದರೆ, ‘ನಿನ್ನ ಹೆಸರು ಪಟ್ಟಿಯಲ್ಲಿಲ್ಲ’ ಎಂದು ಕದ ಹಾಕಿಕೊಂಡಳು. ಇದಕ್ಕಿಂತ ಸರಿಯಾಗಿ ನನಗೆ ಹೇಳಲು ಬರುವುದಿಲ್ಲ.

ಈಗ ನಾನು ಗುರುವಾರ ಸಂಜೆ ಹಿತ್ತಿಲು ಸುತ್ತುತ್ತೇನೆ, ನೆರೆಯ ಎರಡು ಮನೆಗಳಿಗೂ ಹೋಗಿ ನೋಡುತ್ತೇನೆ, ಆಮೇಲೆ ಸಂದೇಶ ಕಳಿಸುತ್ತೇನೆ: ಶನಿವಾರ ಬನ್ನಿ, ಇಂತಿಂಥದ್ದು ಇದೆ. ಆರೇ ಜನ, ತಲಾ 500. ಒಂದು ಶನಿವಾರ ಸಾಂಬಾರು ಸೌತೆ ಬಿಟ್ಟು ಏನೂ ಇರಲಿಲ್ಲ. ಜಂತಿಗೆ ಬಾಳೆನಾರಿನಲ್ಲಿ ಕಟ್ಟಿದ್ದನ್ನೇ ಇಳಿಸಿ ಹುಳಿ, ಪಲ್ಯ, ತಿರುಳಿನ ದೋಸೆ ಮಾಡಿದೆವು. ಕಾಞಂಗಾಡಿನ ಟೀಚರ್ ಮತ್ತೆ ಬರತೊಡಗಿದ್ದು ಆ ದೋಸೆಯಿಂದ.

ಎರಡು ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ಕಣಿಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಲೇಬೇಕು. ಹಸಿಯದರಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ. ಆ ನೀರನ್ನು ಯಾವುದಕ್ಕೂ ಬಳಸಬಾರದು. ಪತ್ರೊಡೆಗೆ ಹುಳಿ ಕಡಿಮೆ ಮಾಡಲು ಯಾರು ಅಂಗಲಾಚಿದರೂ ಬಗ್ಗಬೇಡಿ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ, ಗಂಟಲು ತುರಿಸುವುದು ಅವುಗಳಿಂದ. ಹುಣಸೆ ಧಾರಾಳವಾಗಿರಲಿ, ಹಬೆಯಲ್ಲಿ ಚೆನ್ನಾಗಿ ಬೇಯಲಿ. ಹುಳಿ ಆಗದವರು ಆ ದಿನ ಮಜ್ಜಿಗೆ ಕುಡಿದುಕೊಂಡು ನೋಡುತ್ತ ಕೂರಲಿ.

ಎರಡು ಲಕ್ಷದ ಹೊಸ ಅಡುಗೆಮನೆ, ಕ್ಯಾಮೆರಾ, ಪ್ರಮಾಣಪತ್ರ ಎಂದೆಲ್ಲ ಕೇಳಿದ್ದೀರಿ. ಬೇಡ. ಇರುವ ಅಡುಗೆಮನೆಯಲ್ಲಿ ಆರು ಜನ ಹಿಡಿಸದಿದ್ದರೆ ನಾಲ್ಕು ಜನರನ್ನು ಕರೆಯಿರಿ. ಉಗುರಿನಿಂದ ಚಿವುಟಿ ನೋಡಬೇಕಾದ ಸೊಳೆಯನ್ನು ಪರದೆಯ ಮೇಲೆ ಕಲಿಸುವುದು ಹೇಗೆಂದು ನನಗಂತೂ ಹೊಳೆದಿಲ್ಲ. ‘ನನ್ನ ಅತ್ತೆಗೆ ಎಲ್ಲ ಗೊತ್ತು, ಆದರೆ ಅಳತೆ ಹೇಳುವುದಿಲ್ಲ’ ಎಂದು ಬರೆದಿದ್ದೀರಲ್ಲ, ಅವರನ್ನು ಜಗಲಿಗೆ ಕಳಿಸಬೇಡಿ. ತರಗತಿಯ ನಡುವೆಯೇ ಮಣೆ ಹಾಕಿ ಕೂರಿಸಿ. ಅಳತೆಯನ್ನು ನೀವು ಪಕ್ಕದಲ್ಲಿ ಕೂತು ಬರೆದುಕೊಳ್ಳಿ, ಕೇಳಬೇಡಿ. ಕೇಳಿದರೆ ಅವರು ‘ಅಂದಾಜು’ ಎನ್ನುತ್ತಾರೆ, ನಿಮಗೆ ಸಿಟ್ಟು ಬರುತ್ತದೆ.

ನನ್ನಲ್ಲಿ ಹಪ್ಪಳ ಒತ್ತುವ ಮಣೆ ಎರಡು ಹೆಚ್ಚಿಗೆ ಬಿದ್ದಿವೆ, ಆ ತರಗತಿಗೆಂದು ಕೊಂಡದ್ದು. ಬೇಕಿದ್ದರೆ ಮಾರ್ಚ್‌ನಲ್ಲಿ ಕೇಳಿ, ಕೊಡುತ್ತೇನೆ. ಮೇ ತಿಂಗಳ ಕೊನೆಗೆ ಕೇಳಿದರೆ ಕೊಡುವುದಿಲ್ಲ.