ಅಜ್ಜಿಯ ಮಾತು ಉಳಿಸಿ, ನಿಮ್ಮ ನಗು ತೆಗೆಯಿರಿ

ನಮಸ್ಕಾರ.

ಸಕಲೇಶಪುರದ ಕಡೆಯ ಬಾಲ್ಯದ ಬಗ್ಗೆ ನೀವು ಕಳಿಸಿದ ‘ಸಾಯದೆ ಉಳಿದವರು’ ಪ್ರಬಂಧ ಓದಿದೆವು. ಅಡಿಕೆ ಹಾಳೆಯ ಮೇಲೆ ಕೂತು ಜಾರಾಟ, ರೈಲು ಸುರಂಗ, ಪಟಾಕಿ, ಹೊಂಡದ ಈಜು, ಚಾಟರ್‌ಬಿಲ್ಲು ಹೀಗೆ ಐದು ಸಾಹಸಗಳನ್ನು ಏಳು ಪುಟದಲ್ಲಿ ತುಂಬಿದ್ದೀರಿ. ಈಗಿರುವ ರೂಪದಲ್ಲಿ ಪ್ರಕಟಿಸುವುದು ಕಷ್ಟ. ಆದರೆ ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇವೆ, ಕಾರಣ ನಿಮ್ಮ ಅಜ್ಜಿ. ಮಂಡಿ ಕಿತ್ತುಕೊಂಡು ರಕ್ತ ಸುರಿಸುತ್ತಾ ಅಂಗಳಕ್ಕೆ ಬಂದ ಮೊಮ್ಮಗನನ್ನು ನೋಡಿ ಆಕೆ ಹೇಳುತ್ತಾರೆ: “ಕುಯ್ಲು ಮುಗಿಯೋಗಂಟ ಯಾರೂ ಸಾಯ್ಬೇಡಿ, ತಿಥಿ ಮಾಡಕ್ಕೆ ಪುರಸೊತ್ತಿಲ್ಲ.”

ಕರಾಳ ಹಾಸ್ಯವೆಂದರೆ ಇದೇ. ಆಕೆ ನಗಿಸಲು ಹೊರಟಿಲ್ಲ. ಕಣದಲ್ಲಿ ಕಾಫಿ ಒಣಗುತ್ತಿದೆ, ಆಳು ಸಿಗುತ್ತಿಲ್ಲ, ಆ ಲೆಕ್ಕದಲ್ಲೇ ಸಾವನ್ನೂ ಸೇರಿಸಿ ಮಾತಾಡುತ್ತಿದ್ದಾರೆ. ಮುಂದಿನ ಸಾಲಿನಲ್ಲಿ ನೀವು ‘ಇದನ್ನು ಕೇಳಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವು’ ಎಂದು ಬರೆದು ಅದನ್ನು ಕೆಡಿಸಿದ್ದೀರಿ. ಮಂಡಿ ಉರಿಯುತ್ತಿರುವ ಹುಡುಗ ನಗುವುದಿಲ್ಲ. ಆ ಸಾಲು ತೆಗೆದು, ಗಾಯಕ್ಕೆ ಏನು ಹಚ್ಚಿದರು ಎಂಬುದಕ್ಕೆ ಹೋಗಿ. ಇನ್ನೊಂದು ಮಾತು. ಘಟನೆಯನ್ನು ಆಷಾಢದ ಜಡಿಮಳೆಯಲ್ಲಿ ಇಟ್ಟಿದ್ದೀರಿ. ಆಷಾಢದಲ್ಲಿ ಎಲ್ಲಿಯ ಕುಯ್ಲು? ಅರೇಬಿಕಾ ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಜನವರಿಗೆ ತನ್ನಿ.

ಜನವರಿಗೆ ತಂದರೆ ಹಾಳೆಗೂ ಅನುಕೂಲ. ಮಳೆಯಲ್ಲಿ ನೆನೆದ ಅಡಿಕೆ ಹಾಳೆ ಮೆತ್ತಗಾಗಿ ಮಡಚಿಕೊಳ್ಳುತ್ತದೆ. ಒಣಹುಲ್ಲಿನ ಇಳಿಜಾರಿನಲ್ಲಿ ಓಡಿದ ಹಾಗೆ ಕೆಸರಿನಲ್ಲಿ ಓಡುವುದಿಲ್ಲ. ‘ಹಾಳೆ ಮೇಲೆ ಕೂತು ಜಾರಿದೆವು, ಬಲು ಮಜ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಮಗೆ ಬೇಕಿರುವುದು ಆ ಮಜದ ಒಳಗಿನ ಕಸುಬು. ಹೊಸದಾಗಿ ಉದುರಿದ, ಅಗಲವಾದ, ಸೀಳು ಬಿಡದ ಹಾಳೆಯನ್ನೇ ಹುಡುಕಬೇಕು. ತೀರಾ ಒಣಗಿದ್ದರೆ ಸ್ವಲ್ಪ ಹೊತ್ತು ನೀರಿಗೆ ಹಾಕಿ ಬಾಗುವಂತೆ ಮಾಡಿ ಒರೆಸಿಕೊಳ್ಳಬೇಕು. ಸೋಗೆಯನ್ನು ಪೂರ್ತಿ ಕಡಿಯದೆ ಹಿಡಿಕೆಗೆಂದು ಒಂದು ತೋಳಿನುದ್ದ ಬಿಟ್ಟು, ಭಾರ ಹಿಂದಕ್ಕೆ ಹಾಕಿ ಕೂರಬೇಕು. ಮುಂದಕ್ಕೆ ಬಾಗಿದರೆ ಹಾಳೆಯ ಅಂಚು ಹುಲ್ಲಿನ ಬುಡಕ್ಕೆ ಕಚ್ಚಿಕೊಂಡು ಕೂತವನನ್ನು ಎಸೆದುಬಿಡುತ್ತದೆ. ಗರಿಗರಿ ಒಣಗಿದ್ದು ಕಲ್ಲಿಗೆ ತಾಗಿದರೆ ನಾರಿನ ಗುಂಟ ಸೀಳಿ, ಉಳಿದ ದಾರಿಯನ್ನು ಚಡ್ಡಿಯೇ ಸವೆಸಬೇಕು. ಬ್ರೇಕ್ ಎಂದರೆ ಎರಡು ಹಿಮ್ಮಡಿ. ನಿಜವಾದ ಅಪಾಯ ಇರುವುದು ಕೆಳಗೆ, ತೋಟದ ಮುಳ್ಳುತಂತಿ ಬೇಲಿಯಲ್ಲಿ. ಬೇಲಿಗೆ ಎಷ್ಟು ದೂರ ಇರುವಾಗ ಪಕ್ಕಕ್ಕೆ ಉರುಳಬೇಕು ಎಂದು ಹುಡುಗರು ಗಂಭೀರವಾಗಿ ಲೆಕ್ಕ ಹಾಕುತ್ತಾರಲ್ಲ, ಅದನ್ನು ಅಷ್ಟೇ ಗಂಭೀರವಾಗಿ ಬರೆಯಿರಿ. ಓದುಗ ನಗುವುದೂ ಹೆದರುವುದೂ ಆ ಲೆಕ್ಕದಲ್ಲೇ.

ಸುರಂಗದ ಭಾಗದಲ್ಲಿ ದೊಡ್ಡ ತಪ್ಪಿದೆ. 2001ರ ಬೇಸಿಗೆ ರಜೆಯಲ್ಲಿ ದೋಣಿಗಲ್ ಕಡೆಯಿಂದ ಹಳಿ ಹಿಡಿದು ಹೋದಾಗ ಪ್ಯಾಸೆಂಜರ್ ರೈಲು ಎದುರಾಯಿತು ಎಂದಿದ್ದೀರಿ. ಮೀಟರ್ ಗೇಜನ್ನು ಬ್ರಾಡ್ ಗೇಜ್ ಮಾಡಲು ಘಾಟಿ ಮಾರ್ಗವನ್ನು ಮುಚ್ಚಿದ್ದು 1996ರಲ್ಲಿ. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಇದು ಸಕಲೇಶಪುರದವರಿಗೆ ಚೆನ್ನಾಗಿ ನೆನಪಿರುವ ಸಂಗತಿ. ಇಲ್ಲಿ ಎಡವಿದರೆ ನಿಮ್ಮ ಹಾಳೆಯನ್ನೂ ಅವರು ನಂಬುವುದಿಲ್ಲ. ರೈಲನ್ನು ತೆಗೆದರೆ ನಷ್ಟವೇನೂ ಇಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ 57 ಸುರಂಗಗಳಿವೆ. ತಿರುವಿನ ಸುರಂಗದೊಳಗೆ ಹಿಂದಿನ ಬಾಯಿಯೂ ಕಾಣದ, ಮುಂದಿನದೂ ಕಾಣದ ಜಾಗ ಬರುತ್ತದೆ. ಗ್ಯಾಂಗ್‌ಮನ್‌ಗಳು ಸರಿದು ನಿಲ್ಲಲೆಂದು ಗೋಡೆಯಲ್ಲಿ ಮಾಡಿದ ಗೂಡುಗಳಿರುತ್ತವೆ. ರೈಲು ಇಲ್ಲವೆಂದು ಗೊತ್ತಿದ್ದೂ ಒದ್ದೆ ಗೋಡೆ ಸವರುತ್ತಾ ಆ ಗೂಡು ಹುಡುಕುವ ಹುಡುಗನ ಎದೆಬಡಿತ, ನೀವು ಕಟ್ಟಿದ ರೈಲಿಗಿಂತ ಜೋರಾಗಿ ಕೇಳಿಸುತ್ತದೆ. ಎಲ್ಲಿ ಹಳಿಗೆ ಇಳಿಯಬೇಕು ಎಂಬ ದಾರಿಯ ವಿವರ ಮಾತ್ರ ಬೇಡ. ಈಗ ಅಲ್ಲಿ ರೈಲು ಓಡುತ್ತಿದೆ, ಹಳಿ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯಂತೆ ಅಪರಾಧ.

ಪಟಾಕಿ ಬಿಚ್ಚಿ ಮದ್ದು ಸೇರಿಸುವ ವಿಧಾನವನ್ನು ನಾವು ಅಚ್ಚು ಮಾಡುವುದಿಲ್ಲ. ಠುಸ್ಸಾದ ಬಾಂಬಿನ ಹತ್ತಿರ ಯಾರು ಹೋಗಿ ನೋಡಬೇಕು ಎಂಬ ಜಗಳ ಸಾಕು. ಬತ್ತಿಯ ಕಿಡಿ ಒಳಗೇ ತೆವಳುತ್ತಿರಬಹುದು ಎಂಬ ಅರಿವು ಆ ಜಗಳದಲ್ಲೇ ಇದೆ. ಈಜಿನ ಭಾಗದಲ್ಲಿ ಕೆರೆಯನ್ನೂ ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡವನ್ನೂ ಬೆರೆಸಿದ್ದೀರಿ. ಎರಡೂ ಮುಳುಗಿಸುವ ರೀತಿ ಬೇರೆ. ಕೆರೆಯಲ್ಲಿ ಹೂಳು ಕಾಲು ಹಿಡಿಯುತ್ತದೆ. ಹೊಂಡದಲ್ಲಿ ಪಾಚಿಗಟ್ಟಿದ ಪ್ಲಾಸ್ಟಿಕ್ ಇಳಿಜಾರಿನಲ್ಲಿ ಕೈಗೆ ಹಿಡಿತ ಸಿಗದೆ, ಈಜು ಬಂದವರೂ ಸುಸ್ತಾಗಿ ಮುಳುಗುತ್ತಾರೆ. ನೀವು ಬಿದ್ದದ್ದು ಯಾವುದಕ್ಕೆ ಎಂದು ನಿರ್ಧರಿಸಿ.

ಕೊನೆಯದಾಗಿ ಚಾಟರ್‌ಬಿಲ್ಲು. ನಿಮ್ಮ ಗೆಳೆಯ ಒಂದು ಕಣ್ಣು ಕಳೆದುಕೊಂಡದ್ದನ್ನು ಹೇಳಿ, ‘ಆಮೇಲೆ ಗುರಿ ಇಡಲು ಅವನಿಗೆ ಕಣ್ಣು ಮುಚ್ಚುವ ಕೆಲಸವೇ ಉಳಿಯಲಿಲ್ಲ’ ಎಂದು ಬರೆದಿದ್ದೀರಿ. ಓದಿ ನಮಗೆ ಬೇಸರವಾಯಿತು. ಅಜ್ಜಿಯ ಮಾತು ಅವರದೇ ಮನೆಯ ಸಾವಿನ ಬಗ್ಗೆ. ಇಲ್ಲಿ ಕಣ್ಣು ಅವನದು, ತಮಾಷೆ ನಿಮ್ಮದು. ಈ ಮಾತನ್ನು ಅವನೇ ಆಡಿದ್ದರೆ ಅವನ ಬಾಯಲ್ಲೇ ಇಡಿ, ಎಲ್ಲಿ ಯಾರ ಮುಂದೆ ಆಡಿದ ಎಂಬುದೂ ಬರಲಿ. ಆಡಿಲ್ಲದಿದ್ದರೆ ತೆಗೆಯಿರಿ. ಏನಾಯಿತು ಎಂಬುದೂ ಅಸ್ಪಷ್ಟ. ಪೇರಲೆ ಕವೆ, ಸೈಕಲ್ ಟ್ಯೂಬಿನ ಪಟ್ಟಿ, ಹಳೇ ಚಪ್ಪಲಿಯ ಚರ್ಮ ಎಲ್ಲ ಬಂದಿವೆ, ಅದು ಸರಿ. ಆದರೆ ಕಲ್ಲು ಹಿಂದಕ್ಕೆ ಹಾರಿತೇ, ರಬ್ಬರ್ ಹರಿಯಿತೇ? ಬಿಸಿಲಿಗೆ ಬಿರುಕು ಬಿಟ್ಟ ಟ್ಯೂಬು ಕವೆಗೆ ಕಟ್ಟಿದ ಗಂಟಿನ ಹತ್ತಿರ ಹರಿಯುತ್ತದೆ. ಎಳೆದು ಹಿಡಿದವನ ಕಣ್ಣು ಆ ಪಟ್ಟಿಯ ನೇರದಲ್ಲೇ ಇರುವುದರಿಂದ ತುಂಡು ಮುಖಕ್ಕೇ ಬಂದು ಹೊಡೆಯುತ್ತದೆ. ನಡೆದದ್ದು ಇದೇ ಆದರೆ ಹೀಗೇ ಬರೆಯಿರಿ, ಅಲ್ಲಿಗೇ ನಿಲ್ಲಿಸಿ.

‘ಈಗಿನ ಮಕ್ಕಳಿಗೆ ಮೊಬೈಲೇ ಲೋಕ’ ಎಂಬ ಕೊನೆಯ ಪುಟ ಪೂರ್ತಿ ಹೋಗಲಿ.

1,200 ಪದಗಳೊಳಗೆ, ಯೂನಿಕೋಡ್‌ನಲ್ಲಿ ಕಳಿಸಿ. ಅದಕ್ಕೂ ಮೊದಲು ಆ ಗೆಳೆಯನಿಗೆ ಅವನ ಭಾಗ ಓದಿಸಿ. ನೂರು ಮನೆಯ ಊರಿನಲ್ಲಿ ಹೆಸರು ಬದಲಿಸಿದರೂ ಕಣ್ಣು ಕಳೆದುಕೊಂಡವರು ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಅವನು ಬೇಡವೆಂದರೆ ಆ ಪುಟ ಬಿಟ್ಟೇ ಕಳಿಸಿ. ಹಾಳೆ, ಸುರಂಗ, ಅಜ್ಜಿ ಇಷ್ಟಿದ್ದರೂ ನಮಗೆ ಒಪ್ಪಿಗೆ.